ಸೋಸಿದ ನೀರು, ಕುದಿಸಿದ ನೀರು: ಒಂದು ಪರದೇಶ ಪ್ರವಾಸದ ಪಾಠ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಪರಿಸರದ ನಮ್ಮ ಜೈನ ಮನೆತನಗಳಲ್ಲಿ ಮಗನೋ ಮಗಳೋ ಪರದೇಶದಲ್ಲಿರುವುದು ಈಗ ವಿಶೇಷ ಸಂಗತಿಯಾಗಿ ಉಳಿದಿಲ್ಲ. ಮಕ್ಕಳ ಮನೆಗೆಂದು, ಬಾಣಂತನಕ್ಕೆಂದು, ವ್ಯಾಪಾರಕ್ಕೆಂದು ವಯಸ್ಸಾದವರೂ ವಿಮಾನವೇರುತ್ತಿದ್ದಾರೆ. ಹೊರಡುವ ಮುನ್ನ ಅವರಲ್ಲಿ ಕೆಲವರು ನನ್ನ ಅಂಗಡಿಗೆ ಬಂದು ಒಂದೇ ಪ್ರಶ್ನೆಯನ್ನು ಕೇಳುತ್ತಾರೆ: “ಅಲ್ಲಿ ಏನು ಉಣ್ಣಬೇಕು, ಯಾವ ನೀರು ಕುಡಿಯಬೇಕು?” ಮೆಣಸಿನಕಾಯಿ ವ್ಯಾಪಾರದ ನಿಮಿತ್ತ ನಾನು ಕೆಲವು ದೇಶಗಳನ್ನು ಕಂಡವನೆಂದೂ, ಸ್ವಾಧ್ಯಾಯದಲ್ಲಿ ನಾಲ್ಕು ಅಕ್ಷರ ಓದಿಕೊಂಡವನೆಂದೂ ಅವರ ನಂಬಿಕೆ. ಧಾರವಾಡದಲ್ಲಿ ಬಿ.ಕಾಂ. ಮುಗಿಸಿ ತಂದೆಯವರ ಗಾದಿಯ ಮೇಲೆ ಕುಳಿತ ನನ್ನಂಥವನಿಗೆ ಆ ನಂಬಿಕೆ ದೊಡ್ಡದು. ಅದೇ ನಂಬಿಕೆಯಿಂದ ಒಮ್ಮೆ ಒಬ್ಬ ಬಂಧುವಿನ ಪ್ರಾಣಕ್ಕೇ ಸಂಚಕಾರ ಬಂದಿತ್ತು. ಅದನ್ನು ಇದುವರೆಗೆ ಮನೆಯವರಿಗೂ ಒಬ್ಬ ಮುನಿಮಹಾರಾಜರಿಗೂ ಹೊರತು ಯಾರಿಗೂ ವಿವರವಾಗಿ ಹೇಳಿರಲಿಲ್ಲ. ಇತರರಿಗೆ ಉಪಯೋಗವಾದೀತೆಂಬ ಭಾವನೆಯಿಂದ ಇಲ್ಲಿ ನಿವೇದಿಸುತ್ತಿದ್ದೇನೆ.

2010ರ ಅಕ್ಟೋಬರ್ ತಿಂಗಳು. ಥಾಯ್ಲೆಂಡಿನ ಖರೀದಿದಾರರೊಬ್ಬರು ಒಣಮೆಣಸಿನಕಾಯಿಯ ಮಾತುಕತೆಗೆ ಕರೆದಿದ್ದರು. ನನ್ನೊಡನೆ ಹೊರಟವರು ರಾಣೆಬೆನ್ನೂರಿನ ಒಬ್ಬ ಯುವ ವ್ಯಾಪಾರಿ; ದೂರದ ಸಂಬಂಧಿ, ಆದರೆ ವ್ರತನಿಷ್ಠೆಯಲ್ಲಿ ನನಗಿಂತ ಹಿರಿಯ. ಚಾತುರ್ಮಾಸ ಇನ್ನೂ ಮುಗಿದಿರಲಿಲ್ಲ. “ಈ ದಿನಗಳಲ್ಲಿ ಸಮುದ್ರ ದಾಟಿ ಹೋಗುವ ಜರೂರಿ ಏನಿದೆ?” ಎಂದು ತಾಯಿಯವರು ಕೇಳಿದರು. ವ್ಯಾಪಾರದ ಕಾರಣ ಹೇಳಿದೆ. ಅವರು ಸುಮ್ಮನಾಗಿ, ನೀರು ಸೋಸುವ ಬಿಳಿಯ ದಪ್ಪ ಅರಿವೆಯೊಂದನ್ನು ಮಡಿಚಿ ನನ್ನ ಚೀಲದಲ್ಲಿಟ್ಟರು. ಅದರೊಡನೆ ಜೋಳದ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಹುರಿದ ಅವಲಕ್ಕಿ. ನಮ್ಮ ಪರಿಚಯದ ವೈದ್ಯರು ಬಾಯಿಯ ಮೂಲಕ ಕೊಡುವ ಲವಣಜಲದ, ಅಂದರೆ ಓ.ಆರ್.ಎಸ್.ನ, ಐದಾರು ಪೊಟ್ಟಣಗಳನ್ನು ಕೊಟ್ಟಿದ್ದರು. ಅವುಗಳ ಅಗತ್ಯ ಬೀಳಲಾರದೆಂದು ನಾನು ನಕ್ಕಿದ್ದೆ.

ಆಹಾರದ ತೊಂದರೆ ನಾನು ನಿರೀಕ್ಷಿಸಿದಷ್ಟು ಇರಲಿಲ್ಲ. ವಿಮಾನದಲ್ಲಿ ಮುಂಚಿತವಾಗಿ ತಿಳಿಸಿದ್ದರಿಂದ ಜೈನ ಶಾಕಾಹಾರದ ಊಟವೇ ಬಂದಿತು. ಇಳಿದ ಮೇಲೆ ಮಾತ್ರ ಒಂದು ವಿಷಯ ಅರಿವಿಗೆ ಬಂತು. ಆ ದೇಶದಲ್ಲಿ ‘ತರಕಾರಿ ಊಟ’ ಎಂದು ಕೇಳಿದರೆ ತರಕಾರಿಯೇ ಬರುತ್ತದೆ, ಆದರೆ ಅದಕ್ಕೆ ಉಪ್ಪಿನ ಬದಲು ಮೀನಿನ ರಸ ಬಿದ್ದಿರುವ ಸಂಭವವುಂಟು. ನಾವು ಮಾರಿದ ಮೆಣಸಿನಕಾಯಿಯೇ ಸೀಗಡಿಯೊಡನೆ ಅರೆದ ಚಟ್ನಿಯಾಗಿ ತಟ್ಟೆಯ ಬದಿಗೆ ಬರುತ್ತದೆ. ಆದರೆ ಅಲ್ಲಿಯ ಚೀನೀ ಮೂಲದ ಜನರಲ್ಲಿ ‘ಜೇ’ ಎಂಬ ಆಹಾರಪದ್ಧತಿ ಇದೆ. ಮಾಂಸ, ಮೀನು, ಮೊಟ್ಟೆ, ಹಾಲು ಇವುಗಳಷ್ಟೇ ಅಲ್ಲ, ಈರುಳ್ಳಿ ಬೆಳ್ಳುಳ್ಳಿಗಳೂ ಅದರಲ್ಲಿ ವರ್ಜ್ಯ. ಅವರ ಒಂಬತ್ತನೆಯ ಚಾಂದ್ರಮಾಸದಲ್ಲಿ ಒಂಬತ್ತು ದಿನ ಈ ವ್ರತವನ್ನು ಆಚರಿಸುತ್ತಾರೆ. ಆಗ ಅಂಗಡಿಗಳ ಮುಂದೆ ಕೆಂಪು ಅಕ್ಷರದ ಹಳದಿ ಪತಾಕೆಗಳು ತೂಗುತ್ತವೆ. ನಾವು ಹೋದಾಗ ಅದೇ ಪರ್ವ ನಡೆದಿತ್ತು. ಗೆಡ್ಡೆಗಳ ವಿಷಯವೊಂದನ್ನು ಬಿಟ್ಟರೆ ‘ಜೇ’ ಎಂಬ ಒಂದೇ ಶಬ್ದ ನಮ್ಮ ಊಟದ ಚಿಂತೆಯನ್ನು ಬಹುಪಾಲು ನೀಗಿಸಿತು. ಪರದೇಶದಲ್ಲಿ ನಮ್ಮ ನಿಯಮಗಳನ್ನು ಉದ್ದುದ್ದ ವಿವರಿಸುವುದಕ್ಕಿಂತ ಆ ನಾಡಿನವರೇ ತಮ್ಮ ವ್ರತಕ್ಕೆ ಬಳಸುವ ಶಬ್ದವನ್ನು ತಿಳಿದುಕೊಳ್ಳುವುದು ಮೇಲು.

1888ರಲ್ಲಿ ಮೋಹನದಾಸ ಗಾಂಧಿಯವರು ಲಂಡನ್ನಿಗೆ ಹೊರಟಾಗ, ಬೇಚರಜೀ ಸ್ವಾಮಿ ಎಂಬ ಜೈನ ಸಾಧುಗಳ ಸಮ್ಮುಖದಲ್ಲಿ ಮದ್ಯ, ಮಾಂಸ, ಸ್ತ್ರೀಸಂಗಗಳಿಂದ ದೂರವಿರುವ ಪ್ರತಿಜ್ಞೆ ಮಾಡಿದ ಸಂಗತಿ ಎಲ್ಲರಿಗೂ ತಿಳಿದದ್ದೇ. ಶಾಕಾಹಾರದ ಭೋಜನಾಲಯ ಸಿಗುವವರೆಗೆ ಅವರು ಆ ನಗರದಲ್ಲಿ ಅರೆಹೊಟ್ಟೆಯಲ್ಲಿ ದಿನ ಕಳೆದರು. ಇಂದು ಆ ಕಷ್ಟವಿಲ್ಲ. ಲೆಸ್ಟರಿನಲ್ಲಿ 1988ರಲ್ಲಿ ಪ್ರತಿಷ್ಠೆಯಾದ ಜಿನಮಂದಿರವಿದೆ. ಅಮೆರಿಕದ ಅನೇಕ ನಗರಗಳಲ್ಲಿ ಜೈನ ಕೇಂದ್ರಗಳಿವೆ. ಊಟ ಎಲ್ಲಿಯಾದರೂ ದೊರೆಯುತ್ತದೆ. ನಾನು ಎಡವಿದ್ದು ಊಟದಲ್ಲಲ್ಲ, ನೀರಿನಲ್ಲಿ.

ನೀರಿನ ವಿಷಯದಲ್ಲಿ ನಮ್ಮ ಶ್ರಾವಕಾಚಾರದ ಮರ್ಯಾದೆ ಪಾಠಕರಿಗೆ ಪರಿಚಿತ. ಇಮ್ಮಡಿ ದಪ್ಪ ಅರಿವೆಯಲ್ಲಿ ಸೋಸಿದ ನೀರಿಗೆ ಒಂದು ಮುಹೂರ್ತ, ಅಂದರೆ 48 ನಿಮಿಷ. ಲವಂಗಾದಿಗಳನ್ನು ಬೆರೆಸಿ ಪ್ರಾಸುಕ ಮಾಡಿದ ನೀರಿಗೆ ಎರಡು ಪ್ರಹರ, ಅಂದರೆ 6 ತಾಸು. ಚೆನ್ನಾಗಿ ಕುದಿಸಿದ ನೀರಿಗೆ ಎಂಟು ಪ್ರಹರ, ಅಂದರೆ 24 ತಾಸು. ಈ ಲೆಕ್ಕವನ್ನು ಬಾಯಿಪಾಠ ಮಾಡಿಕೊಂಡಿದ್ದ ನನಗೆ ಬಾಟಲಿಯ ನೀರೆಂದರೆ ಅನುಮಾನ. ಯಾವಾಗಲೋ ತುಂಬಿ ಮುದ್ರೆ ಹಾಕಿದ ನೀರು ಯಾವ ಮರ್ಯಾದೆಯಲ್ಲಿ ಬರುತ್ತದೆ? ಬ್ಯಾಂಕಾಕಿನಿಂದ ಹೊರಗೆ, ಖರೀದಿದಾರರ ಗೋದಾಮಿನ ಸಮೀಪದ ಒಂದು ಸಣ್ಣ ವಸತಿಗೃಹದಲ್ಲಿ ನಾವು ತಂಗಿದ್ದೆವು. ಕೋಣೆಯಲ್ಲಿ ಎರಡು ಬಾಟಲಿ ನೀರನ್ನು ಇಟ್ಟಿದ್ದರು. ನಾನು ಅವನ್ನು ಬದಿಗೆ ಸರಿಸಿ, ನಲ್ಲಿಯ ನೀರನ್ನು ತಾಯಿಯವರು ಕೊಟ್ಟ ಅರಿವೆಯಲ್ಲಿ ಸೋಸಿ, ತುಂಬಿದ ಲೋಟವನ್ನು ಸಂಗಾತಿಯ ಮುಂದಿಟ್ಟೆ. ಕುದಿಸುವ ಸಾಧನ ಚೀಲದಲ್ಲಿಯೇ ಇತ್ತು, ತೆಗೆಯಲು ಆಲಸ್ಯ. ಅವರು ಒಂದು ಕ್ಷಣ ಅನುಮಾನಿಸಿದರು. “ನಾನೇ ಸೋಸಿದ್ದೇನೆ, ಕುಡಿಯಿರಿ” ಎಂದೆ. ನನ್ನ ಮಾತಿನ ಮೇಲೆ ಅವರು ಕುಡಿದರು. ನಾನು ಅಂದು ಎಳನೀರು ಕುಡಿದಿದ್ದೆ. ಆ ನೀರನ್ನು ಮುಟ್ಟುವ ಪ್ರಸಂಗ ನನಗೆ ಬರಲಿಲ್ಲ.

ಮರುದಿನ ರಾತ್ರಿ ಹತ್ತರ ಸುಮಾರಿಗೆ ಅವರಿಗೆ ವಾಂತಿಭೇದಿ ಆರಂಭವಾಯಿತು. ಎರಡು ಗಂಟೆಯ ಹೊತ್ತಿಗೆ ಕಣ್ಣು ಒಳಗೆ ಸೇದಿ, ನಾಲಿಗೆ ಒಣಗಿ, ಕಾಲಿನ ಮೀನಖಂಡಗಳು ಸೆಡೆಯತೊಡಗಿದವು. ಆದರೆ ಅವರಿಗೆ ಸೂರ್ಯಾಸ್ತದ ನಂತರ ಚತುರ್ವಿಧ ಆಹಾರತ್ಯಾಗ. ನೀರೂ ಇಲ್ಲ, ಔಷಧವೂ ಇಲ್ಲ. ವ್ರತ ತೆಗೆದುಕೊಳ್ಳುವಾಗ ಯಾವ ವಿನಾಯಿತಿಯನ್ನೂ ಇಟ್ಟುಕೊಂಡಿರಲಿಲ್ಲ. ವೈದ್ಯರು ಕೊಟ್ಟ ಪೊಟ್ಟಣವನ್ನು ನೀರಿನಲ್ಲಿ ಕರಗಿಸಿ ಹಿಡಿದರೆ ತುಟಿ ಬಿಗಿದು ತಲೆಯಲ್ಲಾಡಿಸಿದರು. “ಸೂರ್ಯೋದಯಕ್ಕೆ ಇನ್ನು ನಾಲ್ಕು ತಾಸು” ಎಂದರು. ಆ ನಾಲ್ಕು ತಾಸು ಅವರು ಉಳಿಯುವರೋ ಇಲ್ಲವೋ ಎಂಬುದು ನನ್ನ ಭಯ.

ನಾನು ಆಗ ಶಾಸ್ತ್ರದ ಯಾವ ವಾಕ್ಯವನ್ನೂ ನೆನೆಯಲಿಲ್ಲ. ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹೇಳಿದೆ: “ಈ ವ್ಯಾಧಿ ನಾನು ಕೊಟ್ಟ ನೀರಿನಿಂದ ಬಂದದ್ದು. ವ್ರತಭಂಗದ ದೋಷವೂ ನನ್ನದೇ ಆಗಲಿ. ಪ್ರಾಯಶ್ಚಿತ್ತವನ್ನು ನಾನು ಮಾಡುತ್ತೇನೆ, ನೀವು ಕುಡಿಯಿರಿ.” ದೋಷವನ್ನು ಹೀಗೆ ಒಬ್ಬರಿಂದ ಮತ್ತೊಬ್ಬರಿಗೆ ದಾಟಿಸಲು ಬರುವುದಿಲ್ಲವೆಂದು ಕರ್ಮಸಿದ್ಧಾಂತ ಬಲ್ಲವರಿಗೆ ಗೊತ್ತು. ಅವರಿಗೂ ಗೊತ್ತಿತ್ತು. ಆದರೂ ಅವರು ಬಾಯಿ ತೆರೆದರು. ಬಹುಶಃ ನನ್ನ ಮೇಲಿನ ಕರುಣೆಯಿಂದ. ಚಮಚ ಚಮಚವಾಗಿ ಬೆಳಗಿನವರೆಗೆ ಕುಡಿಸಿದೆ. ಈ ಬಾರಿ ಬಾಟಲಿಯ ನೀರನ್ನೇ ಕುದಿಸಿ ಆರಿಸಿದ್ದೆ. ಬೆಳಿಗ್ಗೆ ಆಸ್ಪತ್ರೆಗೆ ಸೇರಿಸಿದಾಗ ಅಲ್ಲಿಯ ವೈದ್ಯರು, ರಾತ್ರಿ ಆ ದ್ರಾವಣ ಹೊಟ್ಟೆಗೆ ಹೋಗದಿದ್ದರೆ ಕಷ್ಟವಿತ್ತೆಂದು ಹೇಳಿದರು.

ಆ ಪುಟ್ಟ ಪೊಟ್ಟಣದ ಹಿನ್ನೆಲೆಯನ್ನು ನಾನು ತಿಳಿದದ್ದು ಊರಿಗೆ ಮರಳಿದ ಮೇಲೆ. 1971ರ ಬಾಂಗ್ಲಾ ಯುದ್ಧದ ಕಾಲದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ಸಲೈನ್ ಮುಗಿದುಹೋದಾಗ, ಡಾ. ದಿಲೀಪ್ ಮಹಲನಬೀಸ್ ಅವರು ಉಪ್ಪು, ಸೋಡಾ ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ ಕುಡಿಸಿದರು. ಶೇಕಡಾ 30ರಷ್ಟಿದ್ದ ಸಾವು ಶೇಕಡಾ 4ಕ್ಕಿಂತ ಕೆಳಗಿಳಿಯಿತು. ಪೊಟ್ಟಣವಿಲ್ಲದಾಗ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಕರಗಿಸಿದರೂ ಆಪತ್ಕಾಲಕ್ಕೆ ಸಾಕು. ಉಪ್ಪು ಮಾತ್ರ ಹೆಚ್ಚಾಗಬಾರದು.

ಹಾಗಾದರೆ ನಮ್ಮ ಸೋಸುವ ಅರಿವೆ ನಿಷ್ಪ್ರಯೋಜಕವೇ? ಅಲ್ಲ. ಬಾಂಗ್ಲಾದೇಶದ ಮತ್ಲಬ್ ಪ್ರದೇಶದ ಹಳ್ಳಿಗಳಲ್ಲಿ ರೀಟಾ ಕೋಲ್ವೆಲ್ ಎಂಬ ವಿಜ್ಞಾನಿ ಹಾಗೂ ಅವರ ಸಂಗಡಿಗರು ನಡೆಸಿದ, 2003ರಲ್ಲಿ ಪ್ರಕಟವಾದ ಅಧ್ಯಯನವನ್ನು ಓದಿದ್ದೇನೆ. ಹಳೆಯ ಸೀರೆಯನ್ನು ನಾಲ್ಕು ಪದರು ಮಡಿಚಿ ಕೊಳದ ನೀರು ಸೋಸಿ ಕುಡಿದವರಲ್ಲಿ ಕಾಲರಾ ಶೇಕಡಾ 48ರಷ್ಟು ಕಡಿಮೆಯಾಯಿತು. ಆ ರೋಗದ ಸೂಕ್ಷ್ಮಾಣುಗಳು ನೀರಿನಲ್ಲಿರುವ ಕಿರುಜೀವಿಗಳ ಮೈಗೆ ಅಂಟಿಕೊಂಡಿರುತ್ತವೆ. ಕಿರುಜೀವಿ ಬಟ್ಟೆಯಲ್ಲಿ ನಿಂತರೆ ಅದರೊಡನೆ ಅವೂ ನಿಲ್ಲುತ್ತವೆ. ಈ ಸುದ್ದಿಯನ್ನು ಹಿಡಿದು ‘ನಮ್ಮ ಪೂರ್ವಿಕರಿಗೆ ಸೂಕ್ಷ್ಮಾಣುಶಾಸ್ತ್ರವೆಲ್ಲ ತಿಳಿದಿತ್ತು’ ಎಂದು ಹೆಮ್ಮೆ ಪಡುವವರನ್ನು ಕಂಡಿದ್ದೇನೆ. ಆದರೆ ಅರ್ಧ ರೋಗ ನಿಂತಿತು ಎಂಬುದರ ಅರ್ಥ, ಉಳಿದರ್ಧ ದಾಟಿತು ಎಂದೂ ಆಗುತ್ತದೆ. ಬಿಡಿಯಾಗಿ ತೇಲುವ ಸೂಕ್ಷ್ಮಾಣು ಯಾವ ಅರಿವೆಯ ಎಳೆಗೂ ಸಿಗುವಷ್ಟು ದೊಡ್ಡದಲ್ಲ.

ಆ ರಾತ್ರಿಯ ಅನಂತರ ಬಹಳ ದಿನ ಯೋಚಿಸಿದ ಮೇಲೆ ನನಗೆ ಒಂದು ಮಾತು ಸ್ಪಷ್ಟವಾಯಿತು. ನಾವು ನೀರು ಸೋಸುವುದು ನಮ್ಮ ಆರೋಗ್ಯಕ್ಕಾಗಿ ಅಲ್ಲ. ನೀರಿನಲ್ಲಿರುವ ಜೀವಿಗಳನ್ನು ನಮ್ಮಿಂದ ಕಾಪಾಡುವುದಕ್ಕಾಗಿ. ಆದ್ದರಿಂದಲೇ ಸೋಸಿದ ಮೇಲೆ ಅರಿವೆಯಲ್ಲುಳಿದ ಜೀವಗಳನ್ನು ಅದೇ ಬಾವಿಗೆ, ಅದೇ ಕೆರೆಗೆ ಮೆಲ್ಲಗೆ ಮರಳಿಸಬೇಕೆಂದು ವಿಧಿಸಿದ್ದಾರೆ. ಆರೋಗ್ಯವೇ ಉದ್ದೇಶವಾಗಿದ್ದರೆ ಹೀಗೆ ಹೇಳುತ್ತಿರಲಿಲ್ಲ. ಇನ್ನು ಪರಸ್ಥಳದ ನೀರಿನಿಂದ ನಮ್ಮನ್ನೂ ನಮ್ಮನ್ನು ನಂಬಿದವರನ್ನೂ ಕಾಪಾಡಬೇಕಾದರೆ ಕುದಿಸಲೇಬೇಕು. ಇವೆರಡೂ ಬೇರೆ ಬೇರೆ ಹೊಣೆಗಳು. ನಾನು ಒಂದನ್ನು ನಿರ್ವಹಿಸಿ ಎರಡನ್ನೂ ಮಾಡಿದೆನೆಂದು ಬಗೆದೆ. ಹಿಂಸೆಯ ಮೂಲ ಪ್ರಮಾದದಲ್ಲಿದೆ ಎಂದು ಪ್ರವಚನದಲ್ಲಿ ಹಲವು ಸಲ ಹೇಳಿದ್ದವನ ಕೈಯಲ್ಲಿಯೇ ಆ ಪ್ರಮಾದ ಲೋಟದ ರೂಪದಲ್ಲಿತ್ತು.

ಆ ಪ್ರವಾಸದ ಪಾಠ ಅಷ್ಟಕ್ಕೆ ಮುಗಿಯಲಿಲ್ಲ. ಸಂಗಾತಿ ಆಸ್ಪತ್ರೆಯಲ್ಲಿದ್ದ ಎರಡನೆಯ ದಿನ ನಾನೊಬ್ಬನೇ ಖರೀದಿದಾರರ ಗೋದಾಮಿಗೆ ಹೋದೆ. ನಡುವಯಸ್ಸಿನ ಸೌಮ್ಯ ಗೃಹಸ್ಥರು. ರೋಗಿಯ ಕ್ಷೇಮ ವಿಚಾರಿಸಿ, ತಮ್ಮ ದೇಶದ ನೀರಿನಿಂದ ಹೀಗಾಯಿತಲ್ಲ ಎಂದು ನೊಂದುಕೊಂಡರು. ಬಳಿಕ ಒಂದು ಚೀಲ ತರಿಸಿ ಬಿಚ್ಚಿಸಿದರು. ನಮ್ಮ ಭಾಗದಿಂದ ಹಿಂದಿನ ವರ್ಷ ಹೋದ ಮಾಲು, ನನ್ನ ಅಂಗಡಿಯದಲ್ಲ. ಮೇಲಿನ ಕಾಯಿಗಳು ಕಡುಗೆಂಪು, ಸುಕ್ಕುಸುಕ್ಕು, ನಮ್ಮ ಬ್ಯಾಡಗಿಯ ಹೆಮ್ಮೆಯ ಬಣ್ಣ. ಕೈ ಒಳಗಿಟ್ಟಾಗ ಮುಗ್ಗಲು ವಾಸನೆ ಬಂತು. ನಡುವಿನ ಕಾಯಿಗಳನ್ನು ಮುರಿದರೆ ಒಳಗೆಲ್ಲ ಬೂದುಬಣ್ಣದ ಬೂಸು. ಅವರು ದುಭಾಷಿಯ ಮೂಲಕ ಕೇಳಿದ್ದು ಇಷ್ಟೇ: “ಇದರಲ್ಲಿ ನೀರು ಹೇಗೆ ಬಂತು?”

ಹೇಗೆ ಬಂತೆಂದು ನನಗೆ ಚೆನ್ನಾಗಿ ಗೊತ್ತಿತ್ತು. ತೀರ ಒಣಗಿದ ಕಾಯಿ ಚೀಲ ತುಂಬುವಾಗ ಮುರಿಯುತ್ತದೆ, ಘಾಟು ಏಳುತ್ತದೆ. ಅದಕ್ಕೆಂದು ನೀರು ಚಿಮುಕಿಸುವ ರೂಢಿಯುಂಟು. ಮುರಿಯದಿರಲಿ ಎಂಬುದು ಹೇಳುವ ಕಾರಣ. ತೂಕ ಬರಲಿ ಎಂಬುದು ಹೇಳದ ಕಾರಣ. ಪದವಿ ಮುಗಿಸಿ ಬಂದ ಹೊಸದರಲ್ಲಿ ನಸುಕಿನ ಜಾವ ಅಂಗಡಿಯ ಅಂಗಳದಲ್ಲಿ ನೀರಿನ ಕೊಡ ಹಿಡಿದು ನಿಂತವರಲ್ಲಿ ನಾನೂ ಒಬ್ಬ. ಆ ನೀರನ್ನು ನಾವು ಸೋಸಿಯೂ ಇರಲಿಲ್ಲ, ಕುದಿಸಿಯೂ ಇರಲಿಲ್ಲ.

ಮೆಣಸಿನಕಾಯಿಯ ತೇವಾಂಶ ಶೇಕಡಾ 10–11ರ ಮಿತಿಯನ್ನು ಮೀರಿ ಚೀಲದಲ್ಲಿ ಕುಳಿತರೆ ಬೂಸು ಬೆಳೆಯುತ್ತದೆ. ಅಂಥ ಬೂಸಿನ ಒಂದು ಜಾತಿ ಅಫ್ಲಟಾಕ್ಸಿನ್ ಎಂಬ ವಿಷವನ್ನುಂಟುಮಾಡುತ್ತದೆ. ಅದು ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗಬಲ್ಲದು. ಐರೋಪ್ಯ ಒಕ್ಕೂಟ ಒಣಮೆಣಸಿನಕಾಯಿಯಲ್ಲಿ ಒಪ್ಪುವ ಗರಿಷ್ಠ ಪ್ರಮಾಣ ಕಿಲೋಗ್ರಾಂಗೆ 10 ಮೈಕ್ರೋಗ್ರಾಂ. ನಮ್ಮ ವ್ಯಾಪಾರಿ ಲೆಕ್ಕದಲ್ಲಿ ಹೇಳುವುದಾದರೆ ಒಂದು ಟನ್ ಮಾಲಿನಲ್ಲಿ 10 ಮಿಲಿಗ್ರಾಂ, ಒಂದು ಚಿಟಿಕೆಯೂ ಅಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅಡುಗೆಯ ಕುದಿಗೆ ಈ ವಿಷ ನಾಶವಾಗುವುದಿಲ್ಲ. ಬಣ್ಣದ ಕಥೆಯೂ ಹೀಗೆಯೇ. 2003ರಲ್ಲಿ ಭಾರತದಿಂದ ಹೋದ ಮೆಣಸಿನಪುಡಿಯಲ್ಲಿ ಸುಡಾನ್ ಎಂಬ ಕೈಗಾರಿಕೆಯ ಬಣ್ಣ ಯುರೋಪಿನಲ್ಲಿ ಪತ್ತೆಯಾಯಿತು. 2005ರಲ್ಲಿ ಬ್ರಿಟನ್ನಿನ ಅಂಗಡಿಗಳಿಂದ ಅದೇ ಕಾರಣಕ್ಕೆ 400ಕ್ಕೂ ಹೆಚ್ಚು ತಿನಿಸುಗಳನ್ನು ಹಿಂದೆ ಪಡೆದರು. ಅಲ್ಲಿಯ ತಾಯಿಯೊಬ್ಬಳು ತನ್ನ ಮಗುವಿನ ತಟ್ಟೆಗೆ ಬಡಿಸುವ ಮುನ್ನ ಎಷ್ಟೇ ಸೋಸಲಿ, ಎಷ್ಟೇ ಕುದಿಸಲಿ, ಇಲ್ಲಿಯ ನಮ್ಮ ಲೋಭವನ್ನು ಅವಳು ತೆಗೆಯಲಾರಳು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತದ ಅತಿಚಾರಗಳನ್ನು ಎಣಿಸುವಾಗ ಉಮಾಸ್ವಾಮಿಗಳು ಹೀನಾಧಿಕ ಮಾನೋನ್ಮಾನ, ಪ್ರತಿರೂಪಕ ವ್ಯವಹಾರ ಎಂಬ ಎರಡನ್ನು ಹೇಳಿದ್ದಾರೆ. ಒಂದು ತೂಕದ ಮೋಸ, ಇನ್ನೊಂದು ಕಲಬೆರಕೆ. ಮೆಣಸಿನಕಾಯಿಗೆ ನೀರು ಚಿಮುಕಿಸುವುದರಲ್ಲಿ ಎರಡೂ ಸೇರಿವೆ. ನಾನು ಅವನ್ನು ಕಳ್ಳತನದ ಲೆಕ್ಕದಲ್ಲಿ ಓದಿದ್ದೆ. ಅವು ಹಿಂಸೆಯ ಲೆಕ್ಕಕ್ಕೂ ಸೇರುತ್ತವೆಂದು ತಿಳಿಯಲು ಆ ಗೋದಾಮಿಗೆ ಹೋಗಬೇಕಾಯಿತು. ಅವರ ದೇಶದ ನೀರಿಗೆ ಅಂಜಿ ಅರಿವೆ ಹೊತ್ತುಕೊಂಡು ಹೋದವನು, ನಮ್ಮ ಊರಿನ ನೀರಿಗೆ ಅವರು ಅಂಜುತ್ತಿರುವುದನ್ನು ಕಂಡು ಬಂದೆ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಾಗ ಊರೆಲ್ಲ ಸಂತೋಷಪಟ್ಟಿತು, ನಾನೂ ಪಟ್ಟೆ. ಆದರೆ ಊರಿನ ಹೆಸರು ಚೀಲದ ಮೇಲೆ ಹೋಗುವುದೆಂದರೆ ಊರಿನ ಹೊಣೆಯೂ ಅದರೊಡನೆ ಹೋಗುತ್ತದೆಂಬುದು ನನಗೆ ಆಗಲೇ ಗೊತ್ತಾಗಿತ್ತು. ಮರಳಿ ಬಂದ ಮೇಲೆ ನಮ್ಮ ಅಂಗಡಿಯಲ್ಲಿ ನೀರಿನ ಕೊಡ ನಿಂತಿತು. ಮೊದಲೆರಡು ಹಂಗಾಮು ತೂಕದಲ್ಲಿ ನಷ್ಟವೇ ಆಯಿತು. ಅದನ್ನು ಲಾಭವೆಂದು ಬರೆಯುವ ಕಾಲಂ ಬಿ.ಕಾಂ. ಪಾಠದಲ್ಲಿ ಇರಲಿಲ್ಲ.

ಸಂಗಾತಿ ಗುಣಮುಖರಾಗಿ ಇಬ್ಬರೂ ಊರು ಸೇರಿದ ಬಳಿಕ, ವಿಹಾರದಲ್ಲಿದ್ದ ಮುನಿಮಹಾರಾಜರ ದರ್ಶನಕ್ಕೆ ಹೋಗಿ ನಡೆದುದನ್ನೆಲ್ಲ ಅರಿಕೆ ಮಾಡಿಕೊಂಡೆವು. ಸಂಗಾತಿಗೆ ಅವರು ಒಂದು ಉಪವಾಸವನ್ನು ಹೇಳಿದರು. ನನ್ನತ್ತ ತಿರುಗಿ, “ರಾತ್ರಿ ಕುಡಿಸಿದ್ದಕ್ಕೆ ನಿನಗೆ ಏನೂ ಹೇಳುವುದಿಲ್ಲ. ‘ನಾನೇ ಸೋಸಿದ್ದೇನೆ’ ಎಂದೆಯಲ್ಲ, ಅದು ಜ್ಞಾನಮದ. ಅದಕ್ಕೆ ಒಂದು ತಿಂಗಳು ಉಪ್ಪು ಬಿಡು” ಎಂದರು. ಬಿಟ್ಟೆ. ಇಂದಿಗೂ ಯಾರಾದರೂ ನೀರಿನ ವಿಷಯ ಕೇಳಿದಾಗ ಆ ಸಪ್ಪೆ ಊಟಗಳ ರುಚಿ ನಾಲಿಗೆಗೆ ಬರುತ್ತದೆ.

ಈಗ ಪ್ರವಾಸ ಹೊರಡುವ ಧರ್ಮಬಂಧುಗಳಿಗೆ ನಾನು ಹೇಳುವುದು ಇಷ್ಟು. ಮುದ್ರೆ ಒಡೆಯದ ಬಾಟಲಿಯ ನೀರನ್ನೋ ಸ್ಥಳದ ನಂಬುವಂಥ ನೀರನ್ನೋ ತೆಗೆದುಕೊಳ್ಳಿ, ವ್ರತವಿದ್ದರೆ ಸೋಸಿರಿ, ಅನಂತರ ಕುದಿಸಿರಿ. ನೀರು ಮರಳತೊಡಗಿದ ಮೇಲೆ ಒಂದು ನಿಮಿಷ, 2000 ಮೀಟರಿಗಿಂತ ಎತ್ತರದ ಊರುಗಳಲ್ಲಿ ಮೂರು ನಿಮಿಷ ಬಿಡಿ. ಹಲ್ಲುಜ್ಜುವುದಕ್ಕೂ ಅದೇ ನೀರಿರಲಿ. ಐಸ್ ಹಾಕಿದ ಪಾನೀಯ ಬೇಡ. ನೀರು ಹೆಪ್ಪುಗಟ್ಟಿದ ಮಾತ್ರಕ್ಕೆ ರೋಗಾಣು ಸಾಯುವುದಿಲ್ಲ. ಹೆಚ್ಚಿಟ್ಟ ಹಣ್ಣು ಬೇಡ. ಸಿಪ್ಪೆಯ ಹಣ್ಣನ್ನು ಸ್ವತಃ ತೊಳೆದು ಸುಲಿದು ತಿನ್ನಿ. ಹಬೆಯಾಡುವ ಅಡುಗೆಯನ್ನೇ ಉಣ್ಣಿ. ಬಹಳ ಹೊತ್ತು ಹೊರಗಿಟ್ಟ ಅನ್ನವನ್ನು ಮತ್ತೆ ಬಿಸಿ ಮಾಡಿದರೂ ಅದರಲ್ಲಿ ಹುಟ್ಟಿದ ವಿಷ ಹೋಗುವುದಿಲ್ಲ. ತಂಗಳನ್ನ ನಿಷಿದ್ಧವೆಂಬ ನಮ್ಮ ಮನೆಗಳ ಕಟ್ಟಳೆ ಇಲ್ಲಿ ಕಾಯುತ್ತದೆ. ಒಣ ತಿನಿಸನ್ನು ಒಯ್ಯಿರಿ, ಆದರೆ ಆಯಾ ದೇಶದ ಕಾಯಿದೆಯನ್ನು ಮೊದಲು ವಿಚಾರಿಸಿ. ಬ್ರಿಟನ್ನಿನಲ್ಲಿ ಹಾಲಿನ ಪದಾರ್ಥ ಒಯ್ಯಲು ಬಿಡುವುದಿಲ್ಲವಾದ್ದರಿಂದ ಧಾರವಾಡದ ಪೇಢೆ ಮೊಮ್ಮಕ್ಕಳಿಗೆ ಮುಟ್ಟದು. ಓ.ಆರ್.ಎಸ್. ಪೊಟ್ಟಣಗಳನ್ನು ನಗದೆ ಚೀಲದಲ್ಲಿಡಿ. ಕಠಿಣ ವ್ರತಧಾರಿಗಳು ಹೊರಡುವ ಮುನ್ನ ಗುರುಗಳಲ್ಲಿ ಹೋಗಿ, ಪ್ರಾಣಸಂಕಟದಲ್ಲಿ ಔಷಧ ಮತ್ತು ನೀರಿನ ವಿನಾಯಿತಿಯನ್ನು ಕೇಳಿ ಪಡೆಯಲಿ. ನಡುರಾತ್ರಿ ಪರದೇಶದಲ್ಲಿ ಅದನ್ನು ನಿರ್ಣಯಿಸುವ ಭಾರ ನನ್ನಂಥ ಅಲ್ಪಜ್ಞನ ಮೇಲೆ ಬೀಳಬಾರದು.

ಬಸದಿಗಳ ವಿಶ್ವಸ್ತ ಮಂಡಳಿಗಳಲ್ಲಿ ನನ್ನದೊಂದು ವಿನಂತಿ. ದೂರದಿಂದ ಬರುವ ಯಾತ್ರಿಕನಿಗೆ ನಮ್ಮ ಹಾವೇರಿಯೇ, ನಮ್ಮ ಬ್ಯಾಡಗಿಯೇ ಪರದೇಶ. ಧರ್ಮಶಾಲೆಯ ನಲ್ಲಿಗೆ ಬಿಳಿಯ ಅರಿವೆ ಕಟ್ಟಿದ್ದೇವೆಂಬ ತೃಪ್ತಿಯಲ್ಲಿ ಮಾಳಿಗೆಯ ಮೇಲಿನ ತೊಟ್ಟಿಯನ್ನು ಎಷ್ಟು ವರ್ಷದಿಂದ ತೆರೆದು ನೋಡಿಲ್ಲವೋ, ಒಮ್ಮೆ ಏರಿ ನೋಡಬೇಕು. ತೊಟ್ಟಿ ತೊಳೆಸಿದ ತಾರೀಖನ್ನು ಗೋಡೆಯ ಮೇಲೆ ಬರೆಸಬೇಕು. ಕುದಿಸಿದ ನೀರಿನ ಹಂಡೆಯನ್ನು ಬೇರೆಯಾಗಿ ಇಡಬೇಕು. ನಮ್ಮನ್ನು ನಂಬಿ ಲೋಟ ಎತ್ತುವವನು ಆ ನೀರನ್ನು ಪರೀಕ್ಷಿಸಿ ಕುಡಿಯುವುದಿಲ್ಲ.

ತಾಯಿಯವರು ಈಗಿಲ್ಲ. ಅವರು ಕೊಟ್ಟ ಅರಿವೆ ಹಳತಾಗಿ ಮೆತ್ತಗಾಗಿದೆ. ಪ್ರತಿ ಪ್ರವಾಸಕ್ಕೂ ಅದನ್ನು ಒಯ್ಯುತ್ತೇನೆ, ಕುದಿಸುವ ಸಾಧನವನ್ನು ಅದರಲ್ಲಿಯೇ ಸುತ್ತಿ ಇಡುತ್ತೇನೆ. ಒಂದನ್ನು ತೆಗೆದರೆ ಇನ್ನೊಂದು ಕೈಗೆ ಬರಲೇಬೇಕು. ಇಲ್ಲಿ ಶಾಸ್ತ್ರವಿಷಯದಲ್ಲಿ ತಪ್ಪಿ ನುಡಿದಿದ್ದರೆ ಬಲ್ಲವರು ತಿದ್ದಿ ಕ್ಷಮಿಸಬೇಕು.